ಮುಕ್ಕಾಲು ಮಿಲಿಮೀಟರಿನ ಮಹತ್ವ

ಮಲೆನಾಡಿನ ಮನೆಯಂಗಳದಲ್ಲಿ ಕಾರು ನಿಂತಿರುವುದು ಇಂದು ವೈಭವದ ಗುರುತಾಗಿ ಉಳಿದಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಮನೆಗಳು ಒತ್ತಾಗಿರುವುದಿಲ್ಲ. ಒಂದೊಂದು ಮನೆಯೂ ತನ್ನ ಅಡಕೆ ತೋಟದ ತಲೆಯಲ್ಲಿ, ಬೆಟ್ಟದ ಬುಡದಲ್ಲಿ, ಪ್ರತ್ಯೇಕವಾಗಿಯೇ ನೆಲೆಸಿರುತ್ತದೆ. ಮಳೆಗಾಲದ ನಡುರಾತ್ರಿಯಲ್ಲಿ ವೃದ್ಧರಿಗೆ ಎದೆನೋವು ಕಾಣಿಸಿಕೊಂಡರೆ, ಬಸುರಿ ಹೆಣ್ಣುಮಗಳಿಗೆ ಬೇನೆ ಮೊದಲಾದರೆ, ಪೇಟೆಯ ಆಸ್ಪತ್ರೆಯನ್ನು ಮುಟ್ಟಿಸುವ ಆಸರೆಯೆಂದರೆ ಅಂಗಳದಲ್ಲಿರುವ ಆ ಹಳೆಯ ಕಾರು. ಅದು ಕೀಲಿ ತಿರುಗಿಸಿದೊಡನೆ ಹೊರಡಬೇಕು. ಹೊರಡದಿದ್ದರೆ ಆ ಹೊತ್ತಿನಲ್ಲಿ ಗ್ಯಾರೇಜಿನ ಬಾಗಿಲು ತಟ್ಟುವುದು ಸಾಧ್ಯವಿಲ್ಲ.

ಪೆಟ್ರೋಲ್ ಕಾರು ಹೊರಡಲು ಮೂರು ಸಂಗತಿಗಳು ಕೂಡಿಬರಬೇಕು: ಗಾಳಿ, ಪೆಟ್ರೋಲು ಮತ್ತು ಕಿಡಿ. ಈ ಮೂರನೆಯದನ್ನು ಒದಗಿಸುವ ಹೆಬ್ಬೆರಳ ಗಾತ್ರದ ಬಿಡಿಭಾಗವೇ ಸ್ಪಾರ್ಕ್ ಪ್ಲಗ್. ಅದರ ತುದಿಯಲ್ಲಿ ಎರಡು ಲೋಹದ ಮೊನೆಗಳಿವೆ. ಅವುಗಳ ನಡುವೆ ಸುಮಾರು ಮುಕ್ಕಾಲು ಮಿಲಿಮೀಟರಿನಷ್ಟು ಬರಿಯ ಬಯಲು ಇದೆ. ಇಡೀ ವಾಹನದ ಓಟ ಆ ಬಯಲಿನ ಅಳತೆಯನ್ನು ಅವಲಂಬಿಸಿದೆಯೆಂದರೆ ಕೆಲವರಿಗೆ ಅತಿಶಯೋಕ್ತಿಯೆನಿಸಬಹುದು. ಆದರೆ ಅದು ನಿಜ. ಆ ಅಳತೆಯನ್ನು ನೋಡುವುದು ಹೇಗೆ, ಪ್ಲಗ್ಗನ್ನು ಬಿಚ್ಚಿ ಮರಳಿ ಕೂಡಿಸುವುದು ಹೇಗೆ ಎಂಬುದನ್ನು ಪ್ರತಿಯೊಂದು ಗೃಹಸ್ಥ ಕುಟುಂಬವೂ ತಿಳಿದಿರುವುದು ಲೇಸೆಂದು ನಾವು ಭಾವಿಸಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಕಿಡಿ ಹುಟ್ಟುವ ಬಗೆ

ಯಂತ್ರದ ಸಿಲಿಂಡರಿನೊಳಗೆ ಗಾಳಿ ಮತ್ತು ಪೆಟ್ರೋಲಿನ ಆವಿ ಕೂಡಿ ಬರುತ್ತವೆ. ಪಿಸ್ಟನ್ ಮೇಲೇರಿ ಅವುಗಳನ್ನು ಒತ್ತುತ್ತದೆ. ಒತ್ತಡ ತುದಿಗೇರುವ ಹೊತ್ತಿಗೆ ಕಿಡಿ ಹಾರಬೇಕು, ಮಿಶ್ರಣ ಹೊತ್ತಿಕೊಳ್ಳಬೇಕು, ಉಬ್ಬಿದ ಅನಿಲ ಪಿಸ್ಟನ್ನನ್ನು ಕೆಳಕ್ಕೆ ದೂಡಬೇಕು. ಕಾರಿನ ಬ್ಯಾಟರಿಯಲ್ಲಿರುವುದು ಕೇವಲ 12 ವೋಲ್ಟ್. ಅಷ್ಟರಿಂದ ಗಾಳಿಯನ್ನು ಸೀಳುವ ಕಿಡಿ ಹುಟ್ಟದು. ಆದುದರಿಂದ ಇಗ್ನಿಷನ್ ಕಾಯಿಲ್ ಎಂಬ ಸುರುಳಿಯು ಅದನ್ನು ಹತ್ತು ಸಾವಿರದಿಂದ ಇಪ್ಪತ್ತೈದು ಸಾವಿರ ವೋಲ್ಟ್, ಕೆಲವೊಮ್ಮೆ ಅದಕ್ಕೂ ಮಿಗಿಲಾಗಿ ಏರಿಸಿ ಪ್ಲಗ್ಗಿಗೆ ಕಳುಹುತ್ತದೆ. ನಡುವಿನ ಮೊನೆಯಿಂದ ಪಕ್ಕದ ಬಾಗಿದ ಮೊನೆಗೆ ವಿದ್ಯುತ್ತು ಜಿಗಿಯುತ್ತದೆ. ಆ ಜಿಗಿತವೇ ಕಿಡಿ.

ಈ ಕೆಲಸದ ವೇಗವನ್ನು ಲೆಕ್ಕ ಹಾಕಿದರೆ ಬೆರಗಾಗುತ್ತದೆ. ಯಂತ್ರ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದೊಂದು ಪ್ಲಗ್ಗೂ ನಿಮಿಷಕ್ಕೆ 1500 ಬಾರಿ, ಅಂದರೆ ಸೆಕೆಂಡಿಗೆ 25 ಬಾರಿ ಕಿಡಿ ಕೊಡಬೇಕು. ಪ್ರತಿಯೊಂದು ಕಿಡಿಯೂ ಲೋಹದ ಮೊನೆಯಿಂದ ಕಣ್ಣಿಗೆ ಕಾಣದಷ್ಟು ಅಂಶವನ್ನು ಸವೆಸುತ್ತದೆ. ಹೀಗೆ ಸವೆದು ಸವೆದು ನಡುವಣ ಅಂತರ ತಾನಾಗಿಯೇ ಹಿಗ್ಗುತ್ತದೆ. ಪ್ಲಗ್ಗನ್ನು ಆಗಾಗ ನೋಡಬೇಕೆಂದು ಹೇಳುವುದಕ್ಕೆ ಕಾರಣ ಇದೇ.

ಲೆನ್ವಾರ್ ಎಂಬಾತ ಫ್ರಾನ್ಸಿನಲ್ಲಿ 1860ರಲ್ಲಿ ರೂಪಿಸಿದ ಅನಿಲಯಂತ್ರದಲ್ಲಿಯೇ ವಿದ್ಯುತ್ ಕಿಡಿಯ ಬಳಕೆಯಿತ್ತು. 1902ರಲ್ಲಿ ಜರ್ಮನಿಯ ಬಾಷ್ ಸಂಸ್ಥೆಯ ಗಾಟ್ಲೋಬ್ ಹೊನೊಲ್ಡ್ ಎಂಬ ಎಂಜಿನಿಯರು ಹೆಚ್ಚು ವೋಲ್ಟೇಜಿನ ಮ್ಯಾಗ್ನೆಟೋ ಮತ್ತು ಅದಕ್ಕೊಪ್ಪುವ ಪ್ಲಗ್ಗನ್ನು ಸಿದ್ಧಪಡಿಸಿದ ಮೇಲೆ ಅದು ವೇಗದ ಮೋಟಾರು ವಾಹನಗಳಿಗೆ ನಂಬುಗೆಯ ಸಾಧನವಾಯಿತು. ನಮ್ಮ ನಾಡಿಗೂ ಈ ಬಿಡಿಭಾಗಕ್ಕೂ ಹಳೆಯ ನಂಟಿದೆ. 1951ರಲ್ಲಿ ಸ್ಥಾಪಿತವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯು ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆಯೂರಿ ಸ್ಪಾರ್ಕ್ ಪ್ಲಗ್ಗುಗಳನ್ನೂ ಡೀಸೆಲ್ ಯಂತ್ರಗಳ ಇಂಧನ ಪಂಪುಗಳನ್ನೂ ತಯಾರಿಸಿತು. ಅದರ ಮೊಟಕು ಹೆಸರಾದ ಮೈಕೋ ಎಂಬುದು ಎಷ್ಟು ಮನೆಮಾತಾಯಿತೆಂದರೆ, ಹಳ್ಳಿಯ ಅಂಗಡಿಗಳಲ್ಲಿ ಜನರು ‘ಒಂದು ಮೈಕೋ ಪ್ಲಗ್ ಕೊಡಿ’ ಎಂದೇ ಕೇಳುತ್ತಿದ್ದರು. 2008ರಲ್ಲಿ ಆ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಎಂದು ಬದಲಾಯಿತು. ಹಿರಿಯರ ಬಾಯಲ್ಲಿ ಮಾತ್ರ ಹಳೆಯ ಹೆಸರೇ ಉಳಿದಿದೆ.

ಅಳತೆ ಏಕೆ ಬೇಕು?

ಅಂತರ ಕಿರಿದಾದರೆ ಕಿಡಿ ಸುಲಭವಾಗಿಯೇನೋ ಹಾರುತ್ತದೆ, ಆದರೆ ಅದು ಕುಳ್ಳಗಾಗಿ, ಮಿಶ್ರಣಕ್ಕೆ ಬೆಂಕಿ ಚೆನ್ನಾಗಿ ತಗಲುವುದಿಲ್ಲ. ನಿಂತಲ್ಲಿ ಯಂತ್ರ ನಡುಗುತ್ತದೆ. ಅಂತರ ಹಿಗ್ಗಿದರೆ ಜಿಗಿಯಲು ಹೆಚ್ಚಿನ ವೋಲ್ಟೇಜು ಬೇಕಾಗುತ್ತದೆ. ಕಾಯಿಲ್ ಅಷ್ಟನ್ನು ಒದಗಿಸಲಾರದೆ ಹೋದಾಗ ಕಿಡಿ ತಪ್ಪುತ್ತದೆ. ವಿಶೇಷವಾಗಿ ಘಾಟಿ ಏರುವಾಗ ಸಿಲಿಂಡರಿನೊಳಗಿನ ಒತ್ತಡ ಹೆಚ್ಚಿರುವುದರಿಂದ ಕಿಡಿಗೆ ದಾರಿ ಇನ್ನೂ ಕಠಿಣವಾಗುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಸರಿಯಾಗಿಯೇ ಓಡುವ ಕಾರು ಕುಮಟೆಯಿಂದ ಶಿರಸಿಗೆ ದೇವಿಮನೆ ಘಟ್ಟ ಏರುವಾಗ, ಅಂಕೋಲೆಯಿಂದ ಯಲ್ಲಾಪುರಕ್ಕೆ ಅರಬೈಲು ಘಟ್ಟ ಏರುವಾಗ ಮುಗ್ಗರಿಸುವುದಕ್ಕೆ ಇದೂ ಒಂದು ಕಾರಣ.

ಇದರಿಂದಲೇ ಇನ್ನೊಂದು ತಪ್ಪು ತಿಳಿವಳಿಕೆಯೂ ನಿವಾರಣೆಯಾಗುತ್ತದೆ. ಪ್ಲಗ್ಗನ್ನು ಬಿಚ್ಚಿ ಹೊರಗೆ ಹಿಡಿದು, ಕಿಡಿ ಬರುವುದನ್ನು ಕಂಡು, ‘ಪ್ಲಗ್ ಸರಿಯಿದೆ’ ಎಂದು ತೀರ್ಮಾನಿಸುವವರು ಬಹಳ. ಬಯಲಿನ ಗಾಳಿಯಲ್ಲಿ ಹಾರಿದ ಕಿಡಿ ಸಿಲಿಂಡರಿನ ಒತ್ತಡದಲ್ಲಿಯೂ ಹಾರುವುದೆಂಬ ಭರವಸೆಯಿಲ್ಲ. ಅಳತೆಯೇ ಸರಿಯಾದ ಸಾಕ್ಷಿ. ಹೊರಗೆ ಕಿಡಿ ನೋಡುವ ಪರಿಪಾಠದಲ್ಲಿ ಶಾಕ್ ಹೊಡೆಯುವ, ಪೆಟ್ರೋಲ್ ಆವಿಗೆ ಬೆಂಕಿ ತಗಲುವ ಅಪಾಯವೂ ಇದೆ.

ಅಡಕೆ ಬೆಳೆಗಾರರಿಗೆ ಅಳತೆಯ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕೂಡಿಸುವಾಗ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣವೆಂಬ ಲೆಕ್ಕವನ್ನು ಅವರು ಕಣ್ಣಂದಾಜಿಗೆ ಬಿಡುವುದಿಲ್ಲ. ಸುಣ್ಣ ಸಾಲದಿದ್ದರೆ ಎಳೆಯ ಕಾಯಿ ಸುಡುತ್ತದೆಂದು ಅವರಿಗೆ ಗೊತ್ತು. ತೋಟದಲ್ಲಿ ತೋರುವ ಆ ಎಚ್ಚರವನ್ನೇ ಅಂಗಳದ ಕಾರಿಗೂ ತೋರಿದರೆ ಸಾಕು.

ನಾವು ಮಠದಲ್ಲಿ ವಿದ್ಯಾರ್ಥಿಯಾಗಿದ್ದ ಕಾಲಕ್ಕೆ ಅಲ್ಲಿದ್ದ ಅಂಬಾಸಿಡರ್ ಕಾರಿನ ಚಾಲಕರು ಕಬ್ಬಿಣ ಕೊಯ್ಯುವ ಹ್ಯಾಕ್ಸಾ ಬ್ಲೇಡನ್ನು ಪ್ಲಗ್ಗಿನ ಮೊನೆಗಳ ನಡುವೆ ತೂರಿಸಿ ಅಂತರ ನೋಡುತ್ತಿದ್ದರು. ಅದು ಹುಡುಗಾಟವಾಗಿರಲಿಲ್ಲ. ಕೈಗರಗಸದ ಬ್ಲೇಡಿನ ದಪ್ಪ ಸುಮಾರು 0.025 ಇಂಚು, ಅಂದರೆ 0.63 ಮಿಲಿಮೀಟರು. ಆ ಹಳೆಯ ಅಂಬಾಸಿಡರ್ ಯಂತ್ರಕ್ಕೆ ಬೇಕಾದ ಅಂತರವೂ ಅದೇ. ಆದರೆ ಒಂದು ಯಂತ್ರಕ್ಕೆ ಒಪ್ಪಿದ ಅಳತೆ ಮತ್ತೊಂದಕ್ಕೆ ಒಪ್ಪದು. ಕಾರ್ಬ್ಯುರೇಟರ್ ಇದ್ದ ಕಾಲದ ಮಾರುತಿ 800 ಕಾರಿಗೆ 0.7ರಿಂದ 0.8 ಮಿಲಿಮೀಟರು ಬೇಕು. ಪೆಟ್ರೋಲನ್ನು ಚಿಮ್ಮಿಸುವ ಎಂಪಿಎಫ್‌ಐ ವ್ಯವಸ್ಥೆಯ ಅನೇಕ ಕಾರುಗಳಿಗೆ 1.0ರಿಂದ 1.1 ಮಿಲಿಮೀಟರು ಬೇಕಾಗುತ್ತದೆ. ಅಲ್ಲಿ ಹ್ಯಾಕ್ಸಾ ಬ್ಲೇಡಿನ ನ್ಯಾಯ ನಡೆಯದು. ಆಯಾ ಕಾರಿನ ಕೈಪಿಡಿಯಲ್ಲಿ ಕೊಟ್ಟಿರುವ ಅಳತೆಯೇ ಅಂತಿಮ ಪ್ರಮಾಣ.

ಭೈರುಂಬೆಯಲ್ಲಿ ಕಂಡದ್ದು

ಶಿರಸಿ ತಾಲ್ಲೂಕಿನ ಭೈರುಂಬೆಯಲ್ಲಿ ನಮ್ಮ ಆತ್ಮೀಯರೊಬ್ಬರ ಮನೆಯಿದೆ. ಒಂದು ಮಳೆಗಾಲದಲ್ಲಿ ಅಲ್ಲಿ ಎರಡು ದಿನ ತಂಗಿದ್ದೆವು. ಮನೆಯ ಹಿರಿಯ ತಾಯಿಯನ್ನು ಮರುದಿನ ಬೆಳಿಗ್ಗೆ ಶಿರಸಿಯ ವೈದ್ಯರಲ್ಲಿಗೆ ಕರೆದೊಯ್ಯಬೇಕಿತ್ತು. ಅವರ ಹಳೆಯ ಮಾರುತಿ 800 ಕಾರಿಗೆ ಯಜಮಾನರು ಅದೇ ವಾರ ಮೂರೂ ಪ್ಲಗ್ಗುಗಳನ್ನು ಹೊಸದಾಗಿ ಹಾಕಿದ್ದರು. ಆದರೂ ಕಾರು ನಡುಗುತ್ತಿತ್ತು. ಅಂಗಳದ ಏರನ್ನೇ ಹತ್ತಲೊಲ್ಲದು. ‘ಹೊಸ ಪ್ಲಗ್ ಹಾಕಿದ ಮೇಲೂ ಹೀಗಾದರೆ ಯಂತ್ರವೇ ಕೆಟ್ಟಿರಬೇಕು ಶಾಸ್ತ್ರಿಗಳೇ’ ಎಂದು ಅವರು ಚಿಂತೆಗೊಳಗಾದರು.

ಪದವಿ ತರಗತಿಯಲ್ಲಿ ಓದುತ್ತಿದ್ದ ಅವರ ಮಗಳು, ‘ಅಪ್ಪಾ, ಹಾಕುವ ಮೊದಲು ಗ್ಯಾಪ್ ನೋಡಿದ್ದಿರಾ?’ ಎಂದು ಕೇಳಿದಳು. ‘ಡಬ್ಬಿಯಿಂದ ತೆಗೆದ ಹೊಸ ಪ್ಲಗ್ಗಿಗೆ ನೋಡುವುದೇನಿದೆ ಮಗಳೇ?’ ಎಂಬುದು ತಂದೆಯ ಉತ್ತರ. ಯಂತ್ರ ತಣಿದ ಮೇಲೆ ಅವಳು ಒಂದೊಂದಾಗಿ ಬಿಚ್ಚಿ ಅಳೆದಳು. ಎರಡು ಸರಿಯಾಗಿಯೇ ಇದ್ದವು. ಮೂರನೆಯದರ ಅಂತರ 0.4 ಮಿಲಿಮೀಟರಿಗೆ ಕುಗ್ಗಿತ್ತು. ಹಾಕುವಾಗ ಅದು ಕೈಜಾರಿ ಜಗುಲಿಯ ಕಲ್ಲಿನ ಮೇಲೆ ಬಿದ್ದಿತ್ತೆಂದು ಆಗ ತಂದೆಗೆ ನೆನಪಾಯಿತು. ಪಿಂಗಾಣಿ ಬಿರಿದಿಲ್ಲವೆಂದು ದೀಪದ ಬೆಳಕಿನಲ್ಲಿ ನೋಡಿ, ಅಂತರವನ್ನು ಸರಿಪಡಿಸಿ ಕೂಡಿಸಿದ ಮೇಲೆ ಕಾರು ತನ್ನ ಎಂದಿನ ಸದ್ದಿಗೆ ಮರಳಿತು. ಬೆಳಿಗ್ಗೆ ಹಿರಿಯ ತಾಯಿ ಹೊತ್ತಿಗೆ ಸರಿಯಾಗಿ ವೈದ್ಯರನ್ನು ಕಂಡರು. ಮೂರು ಸಿಲಿಂಡರಿನ ಯಂತ್ರದಲ್ಲಿ ಒಂದು ಸೋತರೆ ಮೂರರಲ್ಲೊಂದು ಪಾಲು ಬಲವೇ ಹೋದಂತೆ. ಉರಿಯದ ಪೆಟ್ರೋಲು ಹೊಗೆಗೊಳವೆಯ ಮೂಲಕ ವ್ಯರ್ಥವಾಗುವುದು ಬೇರೆ.

ಬಿಚ್ಚುವ ಕ್ರಮ

ಯಂತ್ರ ಪೂರ್ತಿ ತಣ್ಣಗಾಗಿರಬೇಕು. ಬಿಸಿಯಾದ ಅಲ್ಯೂಮಿನಿಯಂ ಹೆಡ್ಡಿನಿಂದ ಪ್ಲಗ್ಗನ್ನು ತಿರುಗಿಸಿದರೆ ತಿರುಪಿನ ಎಳೆಗಳು ಕಿತ್ತುಬರುವ ಸಂಭವವಿದೆ. ಪ್ಲಗ್ಗಿಗೆ ಹೋಗುವ ವೈರನ್ನು ಹಿಡಿದು ಜಗ್ಗದೆ, ಅದರ ತುದಿಯ ರಬ್ಬರ್ ಟೊಪ್ಪಿಗೆಯನ್ನೇ ಹಿಡಿದು ತುಸು ತಿರುಗಿಸಿ ಎಳೆಯಬೇಕು. ಎಲ್ಲ ವೈರುಗಳನ್ನೂ ಒಮ್ಮೆಲೇ ಕಳಚಬಾರದು. ಕಿಡಿ ಹಾರುವ ಸರದಿ ಅಂಬಾಸಿಡರಿನಲ್ಲಿ 1-3-4-2, ಮಾರುತಿ 800ರಲ್ಲಿ 1-3-2. ವೈರು ಅದಲುಬದಲಾದರೆ ಸರದಿ ತಪ್ಪಿ ಯಂತ್ರ ಹೊರಡದು. ಒಂದನ್ನು ಬಿಚ್ಚಿ, ನೋಡಿ, ಕೂಡಿಸಿ, ಬಳಿಕ ಮುಂದಿನದಕ್ಕೆ ಹೋಗುವುದು ಕ್ಷೇಮ.

ಪ್ಲಗ್ ಕುಳಿತ ಗುಳಿಯಲ್ಲಿ ಧೂಳು, ಮರಳು ಸೇರಿರುತ್ತದೆ. ಸೈಕಲ್ ಪಂಪಿನಿಂದ ಅದನ್ನು ಊದಿ ತೆಗೆದ ಮೇಲೆಯೇ ಬಿಚ್ಚಬೇಕು. ಇಲ್ಲವಾದರೆ ಆ ಕಸ ಸಿಲಿಂಡರಿಗೆ ಬಿದ್ದು ಒಳಗೋಡೆಯನ್ನು ಗೀರುತ್ತದೆ. ಪ್ಲಗ್ ಪಾನಾವನ್ನು ಓರೆಯಾಗದಂತೆ ಆಳಕ್ಕೆ ಕೂಡಿಸಿ, ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ತಿರುಗಿಸಬೇಕು. ಪಾನಾ ಓರೆಯಾದರೆ ಪಿಂಗಾಣಿ ಬಿರಿಯುತ್ತದೆ. ಬಿರಿದ ಪ್ಲಗ್ಗನ್ನು ಮತ್ತೆ ಬಳಸಬಾರದು.

ಹೊರಬಂದ ಪ್ಲಗ್ಗಿನ ಮೂತಿಯ ಬಣ್ಣ ಯಂತ್ರದ ಆರೋಗ್ಯವನ್ನು ತಿಳಿಸುತ್ತದೆ. ತಿಳಿಗಂದು ಅಥವಾ ಬೂದು ಬಣ್ಣವಿದ್ದರೆ ಎಲ್ಲವೂ ಕ್ಷೇಮ. ಒಣಗಿದ ಕಪ್ಪು ಮಸಿಯಿದ್ದರೆ ಪೆಟ್ರೋಲು ಅಧಿಕವಾಗಿದೆ ಅಥವಾ ಗಾಳಿಯ ಫಿಲ್ಟರ್ ಕಟ್ಟಿಕೊಂಡಿದೆ. ದಿನವೂ ಮೈಲಿಯೊಳಗೇ ಓಡಾಡುವ ಕಾರಿನಲ್ಲಿಯೂ ಪ್ಲಗ್ಗಿಗೆ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳುವಷ್ಟು ಕಾವು ಏರದೆ ಹೀಗಾಗುತ್ತದೆ. ಎಣ್ಣೆಯ ಜಿಡ್ಡಿದ್ದರೆ ಪಿಸ್ಟನ್ ರಿಂಗು ಅಥವಾ ವಾಲ್ವಿನ ಭಾಗ ಸವೆದಿದೆ. ಅದು ಪ್ಲಗ್ ಬದಲಿಸಿದರೆ ತೀರುವ ರೋಗವಲ್ಲ. ಬಿಳಿಚಿ ಗುಳ್ಳೆಯೆದ್ದಿದ್ದರೆ ಯಂತ್ರ ಅತಿಯಾಗಿ ಕಾಯುತ್ತಿದೆ ಎಂದರ್ಥ. ಆಗ ಮೆಕ್ಯಾನಿಕರಿಗೆ ತೋರಿಸುವುದು ಉಚಿತ.

ಅಳೆಯುವ ಕ್ರಮ

ಅಳೆಯುವ ಉಪಕರಣಕ್ಕೆ ಫೀಲರ್ ಗೇಜ್ ಎಂದು ಹೆಸರು. ಬೇರೆ ಬೇರೆ ದಪ್ಪದ ಉಕ್ಕಿನ ಎಲೆಗಳ ಗೇಜು ಒಂದು ಬಗೆ, ತಂತಿಯ ಗೇಜು ಇನ್ನೊಂದು ಬಗೆ. ಹೊಸ ಪ್ಲಗ್ಗಿಗೆ ಯಾವುದಾದರೂ ನಡೆಯುತ್ತದೆ. ಬಳಸಿದ ಪ್ಲಗ್ಗಿಗೆ ತಂತಿಯ ಗೇಜೇ ಮೇಲು. ಏಕೆಂದರೆ ಸವೆದ ಮೊನೆಯಲ್ಲಿ ಸಣ್ಣ ತಗ್ಗು ಬಿದ್ದಿರುತ್ತದೆ. ಚಪ್ಪಟೆ ಎಲೆ ಆ ತಗ್ಗಿನ ಅಂಚುಗಳನ್ನು ಮಾತ್ರ ಮುಟ್ಟಿ, ಇರುವುದಕ್ಕಿಂತ ಕಡಿಮೆ ಅಂತರವನ್ನು ತೋರಿಸುತ್ತದೆ.

ಗೇಜನ್ನು ನಡುವೆ ತೂರಿಸಿದಾಗ ಅದು ಸಡಿಲವಾಗಿ ಜಾರಲೂಬಾರದು, ಬಲವಂತದಿಂದ ಹೋಗಲೂಬಾರದು. ಬೆರಳಿಗೆ ತುಸುವೇ ತಡೆ ತಿಳಿಯಬೇಕು. ಅಂತರ ಹೆಚ್ಚಿದ್ದರೆ ಪಕ್ಕದ ಮೊನೆಯನ್ನು ಮರದ ತುಂಡಿನ ಮೇಲೆ ಮೆಲ್ಲನೆ ಒತ್ತಿ ಬಾಗಿಸಬೇಕು. ಕಡಿಮೆಯಿದ್ದರೆ ಗೇಜಿನಲ್ಲಿಯೇ ಇರುವ ಕೊಕ್ಕೆಯಿಂದ ಅದೇ ಪಕ್ಕದ ಮೊನೆಯನ್ನು ಮೇಲೆತ್ತಬೇಕು. ನಡುವಿನ ಮೊನೆಯನ್ನು ಮಾತ್ರ ಯಾವ ಕಾರಣಕ್ಕೂ ಒತ್ತಬಾರದು, ಮೀಟಬಾರದು. ಅದನ್ನು ಸುತ್ತಿರುವ ಪಿಂಗಾಣಿ ಒಮ್ಮೆ ಸೀಳಿದರೆ ಕಿಡಿ ಅಡ್ಡದಾರಿ ಹಿಡಿಯುತ್ತದೆ.

ಇರಿಡಿಯಂ ಅಥವಾ ಪ್ಲಾಟಿನಂ ಮೊನೆಯ ಪ್ಲಗ್ಗುಗಳು ಈಚಿನ ಕಾರುಗಳಲ್ಲಿ ಬರುತ್ತಿವೆ. ಅವುಗಳ ಮೊನೆ ಸೂಜಿಯಂತೆ ಸಪೂರ. ಕಾರ್ಖಾನೆಯಲ್ಲಿ ಇಟ್ಟ ಅಂತರವನ್ನು ತಂತಿಯ ಗೇಜಿನಿಂದ ಮೆಲ್ಲನೆ ಪರೀಕ್ಷಿಸಬಹುದೇ ಹೊರತು ಮನೆಯಲ್ಲಿ ಬಾಗಿಸುವ ಸಾಹಸ ಸಲ್ಲದು. ಎನ್‌ಜಿಕೆ ಪ್ಲಗ್ಗುಗಳ ಸಂಖ್ಯೆಯ ಕೊನೆಯಲ್ಲಿ 11 ಎಂದಿದ್ದರೆ ಅದನ್ನು 1.1 ಮಿಲಿಮೀಟರಿಗೆ ಇಟ್ಟಿದ್ದಾರೆಂದು ತಿಳಿಯಬೇಕು. ಹಾಗೆಯೇ ಪ್ಲಗ್ ಕೊಳ್ಳುವಾಗ ಕೈಪಿಡಿಯ ಸಂಖ್ಯೆಯನ್ನೇ ಕೇಳಿ ಕೊಳ್ಳಬೇಕು. ತಿರುಪಿನ ಭಾಗ ಉದ್ದವಾದ ಪ್ಲಗ್ಗನ್ನು ಹಾಕಿದರೆ ಪಿಸ್ಟನ್ನಿಗೆ ತಾಗುವ ಅಪಾಯವಿದೆ.

ಕೂಡಿಸುವ ಕ್ರಮ

ಬಿಚ್ಚುವುದಕ್ಕಿಂತ ಕೂಡಿಸುವುದರಲ್ಲಿ ಹೆಚ್ಚಿನ ತಾಳ್ಮೆ ಬೇಕು. ಇಲ್ಲಿ ಅವಸರಪಟ್ಟವರೇ ಹೆಚ್ಚು ಹಣ ತೆತ್ತಿದ್ದಾರೆ. ಅಂಬಾಸಿಡರಿನ ಹೆಡ್ಡು ಎರಕದ ಕಬ್ಬಿಣದ್ದಾಗಿದ್ದು ಒರಟುತನವನ್ನು ಸ್ವಲ್ಪ ಸಹಿಸುತ್ತಿತ್ತು. ಮಾರುತಿ 800 ಮತ್ತು ಅನಂತರದ ಕಾರುಗಳ ಹೆಡ್ಡು ಅಲ್ಯೂಮಿನಿಯಂ. ಅದು ಮೆದು ಲೋಹ. ಪ್ಲಗ್ಗಿನ ಉಕ್ಕಿನ ಎಳೆ ಅಡ್ಡಡ್ಡವಾಗಿ ಹತ್ತಿದರೆ ಹೆಡ್ಡಿನ ಎಳೆಗಳನ್ನು ಕೊರೆದುಹಾಕುತ್ತದೆ. ಅನೇಕ ವೇಳೆ ಹೆಡ್ಡನ್ನೇ ಇಳಿಸಿ ಹೊಸ ಎಳೆ ಕೂಡಿಸಬೇಕಾಗುತ್ತದೆ. ಕೆಲವು ನೂರು ರೂಪಾಯಿಯ ಕೆಲಸ ಹಲವು ಸಾವಿರಕ್ಕೆ ಏರುವುದು ಹೀಗೆ.

ಇದನ್ನು ತಪ್ಪಿಸಲು ಸುಲಭೋಪಾಯವೊಂದಿದೆ. ಗೇಣುದ್ದದ ರಬ್ಬರ್ ಕೊಳವೆಯ ತುಂಡನ್ನು ಪ್ಲಗ್ಗಿನ ತಲೆಗೆ ಸಿಕ್ಕಿಸಿ, ಅದನ್ನು ಗುಳಿಯೊಳಗೆ ಇಳಿಸಿ, ಕೊಳವೆಯನ್ನೇ ಬೆರಳಿನಿಂದ ತಿರುಗಿಸಬೇಕು. ಎಳೆ ಸರಿಯಾಗಿ ಕೂಡಿದರೆ ಪ್ಲಗ್ ಸಲೀಸಾಗಿ ಇಳಿಯುತ್ತದೆ. ಅಡ್ಡವಾದರೆ ರಬ್ಬರು ತಾನೇ ಜಾರುತ್ತದೆ, ಹೆಡ್ಡಿಗೆ ಹಾನಿಯಾಗುವುದಿಲ್ಲ. ಬೆರಳ ಬಲದಿಂದ ಪ್ಲಗ್ ಪೂರ್ತಿ ಕೂರುವವರೆಗೆ ಪಾನಾವನ್ನು ಮುಟ್ಟಲೇಬಾರದು.

ಆಮೇಲೆ ಎಷ್ಟು ಬಿಗಿಯಬೇಕು? ವಾಷರ್ ಇರುವ ಹೊಸ ಪ್ಲಗ್ಗಾದರೆ ಬೆರಳಿಗೆ ಬಿಗಿಯಾದ ಮೇಲೆ ಅರ್ಧ ಸುತ್ತಿನಿಂದ ಮೂರರಲ್ಲೆರಡು ಸುತ್ತು. ಹೊಸ ವಾಷರು ಅಷ್ಟು ಒತ್ತಿಗೆ ಚಪ್ಪಟೆಯಾಗಿ ಗಾಳಿ ಸೋರದಂತೆ ಕೂರುತ್ತದೆ. ಒಮ್ಮೆ ಬಳಸಿದ ಪ್ಲಗ್ಗಾದರೆ ಹನ್ನೆರಡರಲ್ಲೊಂದು ಸುತ್ತು, ಎಂದರೆ ಗಡಿಯಾರದ ಮುಳ್ಳು ಹನ್ನೆರಡರಿಂದ ಒಂದಕ್ಕೆ ಸರಿಯುವಷ್ಟು ಮಾತ್ರ. ವಾಷರಿಲ್ಲದ, ಓರೆ ಅಂಚಿನ ಪ್ಲಗ್ಗಾದರೆ ಹದಿನಾರರಲ್ಲೊಂದು ಸುತ್ತು ಸಾಕು. ಟಾರ್ಕ್ ಪಾನಾ ಇದ್ದವರು ವಾಷರಿರುವ 14 ಮಿಲಿಮೀಟರ್ ಎಳೆಯ ಪ್ಲಗ್ಗನ್ನು ಅಲ್ಯೂಮಿನಿಯಂ ಹೆಡ್ಡಿಗೆ ಸುಮಾರು 25 ನ್ಯೂಟನ್ ಮೀಟರಿಗೆ ಬಿಗಿಯಬಹುದು. ಎಳೆಗಳಿಗೆ ಗ್ರೀಸು, ಎಣ್ಣೆ ಬಳಿಯುವುದು ಬೇಡ. ಜಾರು ಹೆಚ್ಚಿದಾಗ ಅದೇ ಬಲಕ್ಕೆ ಪ್ಲಗ್ ಮಿತಿಮೀರಿ ಬಿಗಿಯಾಗುತ್ತದೆ. ಹಾಗೆಂದು ಸಡಿಲವಾಗಿಯೂ ಬಿಡಬಾರದು. ಪ್ಲಗ್ಗಿನ ಕಾವು ಹೆಡ್ಡಿಗೆ ಇಳಿದುಹೋಗುವುದು ಆ ಬಿಗುವಿನ ಮೂಲಕವೇ. ಕೊನೆಗೆ ರಬ್ಬರ್ ಟೊಪ್ಪಿಗೆಯನ್ನು ‘ಟಕ್’ ಎಂದು ಕೂರುವವರೆಗೆ ಒತ್ತಬೇಕು.

ಮಳೆನಾಡಿನ ಮಾತು

ಆಷಾಢದ ಮಳೆಯಲ್ಲಿ ಕಾರು ಹೊರಡದಿದ್ದಾಗ ಮೊದಲೇ ಪ್ಲಗ್ಗನ್ನು ದೂರಬಾರದು. ವೈರುಗಳ ಮೇಲೆ, ಹಳೆಯ ಕಾರಾದರೆ ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ತೇವ ಕೂತು ವಿದ್ಯುತ್ತು ಸೋರಿಹೋಗುತ್ತದೆ. ಕೀಲಿಯನ್ನು ತೆಗೆದು, ಒಣಬಟ್ಟೆಯಿಂದ ಒರೆಸಿ ನೋಡಬೇಕು. ಇಲಿ, ಹೆಗ್ಗಣಗಳು ವೈರು ಕಡಿದಿವೆಯೇ ಎಂಬುದನ್ನೂ ನೋಡಬೇಕು. ಪೆಟ್ರೋಲಿನಿಂದ ಒದ್ದೆಯಾದ ಪ್ಲಗ್ಗನ್ನು ಒಲೆಯ ಬೆಂಕಿಗೆ ಹಿಡಿದು ಒಣಗಿಸುವ ರೂಢಿ ಅಪಾಯಕರ. ಬಟ್ಟೆಯಿಂದ ಒರೆಸಿ ಗಾಳಿಗಿಟ್ಟರೆ ಸಾಕು.

ತೋಟದ ಹುಲ್ಲು ಕತ್ತರಿಸುವ ಪೆಟ್ರೋಲ್ ಯಂತ್ರಕ್ಕೂ ಇಂಥದೇ ಪ್ಲಗ್ಗಿದೆ. ಎಣ್ಣೆ ಬೆರೆಸಿದ ಪೆಟ್ರೋಲಿನಿಂದ ಓಡುವ ಯಂತ್ರವಾದರೆ ಅದರ ಮೊನೆಗೆ ಜಿಡ್ಡು ಬೇಗ ಕಟ್ಟುತ್ತದೆ. ಕಾರಿನ ಪ್ಲಗ್ಗನ್ನು ಮುಟ್ಟಲು ಅಳುಕುವವರು ಅದರ ಮೇಲೆ ಕೈ ಪಳಗಿಸಿಕೊಳ್ಳಬಹುದು. ಡೀಸೆಲ್ ಜೀಪು, ಟ್ರ್ಯಾಕ್ಟರುಗಳಿಗೆ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಅಲ್ಲಿ ಗಾಳಿಯ ಒತ್ತಡದ ಕಾವಿಗೇ ಇಂಧನ ಹೊತ್ತಿಕೊಳ್ಳುತ್ತದೆ.

ಮಾರುತಿ 800 ಮತ್ತು ಅಂಬಾಸಿಡರ್ ಎರಡರ ತಯಾರಿಕೆಯೂ 2014ರಲ್ಲಿ ನಿಂತುಹೋಯಿತು. ಆದರೂ ನಮ್ಮ ಹಳ್ಳಿಗಳಲ್ಲಿ ಅವು ಇನ್ನೂ ಓಡುತ್ತಿವೆಯೆಂದರೆ ಅದಕ್ಕೆ ಮನೆಯವರ ಜತನವೇ ಕಾರಣ. ಒಂದು ಪ್ಲಗ್ ಪಾನಾ, ಒಂದು ಫೀಲರ್ ಗೇಜು, ಗೇಣುದ್ದದ ರಬ್ಬರ್ ಕೊಳವೆ, ಒಣಬಟ್ಟೆ ಮತ್ತು ಅಳೆದಿಟ್ಟ ಒಂದು ಜೊತೆ ಪ್ಲಗ್ಗುಗಳನ್ನು ಚೀಲದಲ್ಲಿ ಹಾಕಿ ಕಾರಿನಲ್ಲಿಯೇ ಇಡಿರಿ. ಮಳೆಗಾಲಕ್ಕೆ ಮುನ್ನ, ಬಿಸಿಲಿರುವ ಒಂದು ಬೆಳಿಗ್ಗೆ, ಮನೆಯ ಹೆಣ್ಣುಮಕ್ಕಳನ್ನೂ ಗಂಡುಮಕ್ಕಳನ್ನೂ ಜೊತೆಗೆ ಕೂರಿಸಿಕೊಂಡು ಒಮ್ಮೆ ಬಿಚ್ಚಿ, ಅಳೆದು, ಕೂಡಿಸಿ ನೋಡಿರಿ. ಹಗಲಿನ ಬಿಡುವಿನಲ್ಲಿ ಕೈಗೆ ಹತ್ತಿದ ಕೆಲಸ ಕತ್ತಲೆಯ ತುರ್ತಿನಲ್ಲಿ ಕೈಬಿಡುವುದಿಲ್ಲ.